ಅವ್ವನ ಮಾತು ಲೆಕ್ಕಕ್ಕಿಲ್ಲದ ವರ್ಷ

ಹೋದ ಶ್ರಾವಣದಲ್ಲಿ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆಂದು ಸುರಪುರಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗ ಬಾಜೂ ಕೂತಿದ್ದ ಹೆಂಗಸು ನನ್ನ ಮುಖವನ್ನು ಎರಡೆರಡು ಸಲ ನೋಡಿ ಕೇಳಿದಳು.

"ನೀ ಬಳಿ ಅಂಗಡಿ ಗುರುಬಾಯಿ ಮಗಳಲ್ಲೇನು?"

ಹೌದೆಂದೆ.

"ಭಾಳ ಛಲೋ ಹೆಣಮಗಳು ಬಿಡು. ಪಾಪ, ಕಡಿಗೆ ತಲಿ ಕೆಟ್ಟು ಸತ್ತಳಂತ. ನಿಮ್ಮ ದೊಡ್ಡಪ್ಪನೇ ಹೇಳ್ತಿದ್ರು."

ಹೋಳಿಗೆಯ ತುತ್ತು ಕೈಯಲ್ಲೇ ಉಳಿಯಿತು. "ತಲಿ ಕೆಟ್ಟಿರಲಿಲ್ರಿ. ತಲ್ಯಾಗ ಗಡ್ಡಿ ಇತ್ತು. ಅದು ಬ್ಯಾರೆ, ಇದು ಬ್ಯಾರೆ" ಎಂದೆ. ಆಕೆಗೆ ಎರಡರ ನಡುವಿನ ವ್ಯತ್ಯಾಸ ತಿಳಿಯಲಿಲ್ಲ. ಹೌದ್ಹೌದು ಎನ್ನುತ್ತಾ ಅನ್ನಕ್ಕೆ ಸಾರು ಕಲಸಿಕೊಂಡಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಕಿವಿಗೆ ಬಿದ್ದದ್ದನ್ನು ಹೇಳಿದ್ದಳು ಅಷ್ಟೆ.

ಕೈ ತೊಳೆದು ಪೇಟೆಯ ಕಡೆ ಇಳಿದೆ. ಮಳೆ ಆಗತಾನೇ ನಿಂತಿತ್ತು. ಗುಡ್ಡದ ಬಂಡೆಗಳಿಂದ ಕೆಂಪು ನೀರು ಇಳಿಜಾರಿನ ಓಣಿಯಲ್ಲಿ ಹರಿದು ಬರುತ್ತಿತ್ತು. ನಮ್ಮ ಬಳೆ ಅಂಗಡಿಯಲ್ಲಿ ಈಗ ಅಣ್ಣ ಈರಣ್ಣ ಕೂಡುತ್ತಾನೆ. ಪಂಚಮಿಯ ಮಾಲು ಬಂದಿತ್ತು. ರಟ್ಟಿನ ಪೆಟ್ಟಿಗೆ ಬಿಚ್ಚಿ ಒಳಗಿನ ಒಣಹುಲ್ಲು ಕೀಳುತ್ತಿದ್ದ. ಗಾಜಿನ ಬಳೆಗಳ ಜೊತೆ ಬರುವ ಹುಲ್ಲಿನ, ಮಳೆಗೆ ಸ್ವಲ್ಪ ಮುಗ್ಗಿದ ಆ ವಾಸನೆ ಮೂಗಿಗೆ ಹೊಡೆದದ್ದೇ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಇಂಥದೇ ಒಂದು ಶ್ರಾವಣದಲ್ಲಿ ಶುರುವಾಗಿ ಮುಂದಿನ ಬೇಸಿಗೆಯಲ್ಲಿ ಮುಗಿದ ಒಂದು ವರ್ಷವಿದೆ. ಅದನ್ನು ನಮ್ಮ ದೊಡ್ಡಪ್ಪ ತನಗೆ ಬೇಕಾದ ಹಾಗೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ನಡೆದದ್ದನ್ನು ನಡೆದ ಹಾಗೆ ನಾನು ಹೇಳುತ್ತೇನೆ.

ಅಂಗಡಿ ಅಪ್ಪನ ಹೆಸರಿನಲ್ಲಿತ್ತು, ನಡೆಸುತ್ತಿದ್ದವಳು ಅವ್ವ. ಅಪ್ಪ ಮಾಲು ತರುವುದು, ಕದ ತೆರೆಯುವುದು, ಸಂಜೆ ಊದುಬತ್ತಿ ಹಚ್ಚುವುದು ಮಾಡುತ್ತಿದ್ದ. ಹೆಂಗಸರು ಬರುತ್ತಿದ್ದದ್ದು ಅವ್ವನ ಕೈ ನಂಬಿ. ಗಟ್ಟಿ ಹಸ್ತದ ಹೆಂಗಸರು, ಹೊಲದಲ್ಲಿ ದುಡಿದು ಗೆಣ್ಣು ಬಿಗಿದವರು, ಬಳೆ ಇಡಿಸಿಕೊಳ್ಳಲು ಅಂಜುವ ಸಣ್ಣ ಹುಡುಗಿಯರು, ಎಲ್ಲರ ಹಸ್ತವನ್ನೂ ಆಕೆ ಎರಡೂ ಕೈಯಲ್ಲಿ ತಗೊಂಡು, ಹೆಬ್ಬೆರಳಿನ ಬುಡ ಒತ್ತಿ, ಊರ ಸುದ್ದಿ ಕೇಳುತ್ತ ಕೇಳುತ್ತ ಬಳೆ ದಾಟಿಸಿಬಿಡುತ್ತಿದ್ದಳು. ಮಾತು ಮುಗಿಯುವುದರೊಳಗೆ ಕೈ ತುಂಬಿರುತ್ತಿತ್ತು. ಮಾತಿನಲ್ಲೂ ಆಕೆ ಹಾಗೇ. ನೇರ. ಬಣ್ಣ ಹೋಗುವ ಬಳೆಯಾದರೆ ಹೋಗುತ್ತದೆ ಎಂದೇ ಹೇಳಿ ಮಾರುತ್ತಿದ್ದಳು.

ಇಂಥ ನೇರ ಹೆಂಗಸು ಒಂದೇ ಒಂದು ವಿಷಯಕ್ಕೆ ನಾಚಿಕೊಂಡಳು. ಆ ವರ್ಷಕ್ಕಿಂತ ಮೂರು ವರ್ಷ ಮೊದಲು ಸಂಡಾಸದಲ್ಲಿ ರಕ್ತ ಬೀಳತೊಡಗಿತ್ತು. ಎಷ್ಟೋ ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಅಪ್ಪನಿಗೆ ಹೇಳಿದಾಗ ಅಪ್ಪ ಶಹಾಪುರದ ಒಬ್ಬ ಡಾಕ್ಟರನ ಹತ್ತಿರ ಕರೆದುಕೊಂಡು ಹೋದ. ಆ ಮನುಷ್ಯ ಅವ್ವನನ್ನು ಮುಟ್ಟಲೂ ಇಲ್ಲ. ಸ್ಟೂಲಿನ ಮೇಲೆ ಕೂತವಳಿಗೆ ಕೂತಲ್ಲೇ, "ಮೂಲವ್ಯಾಧಿ. ಖಾರ ಬಿಡ್ರಿ, ಬದನಿಕಾಯಿ ಬಿಡ್ರಿ" ಎಂದು ಮುಲಾಮು ಬರೆದುಕೊಟ್ಟ. ಅವ್ವ ಸುಮಾರು ಒಂದು ವರ್ಷ ಖಾರ ಬಿಟ್ಟಳು, ಬದನೆಕಾಯಿ ಬಿಟ್ಟಳು, ಮುಲಾಮು ಹಚ್ಚಿದಳು. ತೂಕ ಇಳಿಯಿತು. ಗಿರಾಕಿಗಳು "ಸಣ್ಣಾಗಿ ಛಲೋ ಕಾಣಾಕತ್ತಿ ನೋಡು ಗುರುಬಾಯಿ" ಎಂದರು. ಆಮೇಲೆ ಒಂದು ದಿನ ಹೊಟ್ಟೆ ಉಬ್ಬಿ ಕಲ್ಲಾಗಿ, ವಾಂತಿ ನಿಲ್ಲದೆ, ಕಲಬುರಗಿಗೆ ಒಯ್ದರೆ ದೊಡ್ಡ ಕರುಳಿನ ಕೊನೆಯಲ್ಲಿ ಕ್ಯಾನ್ಸರ್ ಗಡ್ಡೆ ದಾರಿ ಮುಚ್ಚಿ ಕೂತಿತ್ತು. ಕೊಯ್ದು ತೆಗೆದರು. ತಿಂಗಳುಗಟ್ಟಲೆ ಇಂಜೆಕ್ಷನ್ ಕೊಟ್ಟರು. ಊರಲ್ಲಿ ಹರ್ನಿಯಾ ಆಪರೇಶನ್ ಎಂದು ಹೇಳಬೇಕೆಂದು ದೊಡ್ಡಪ್ಪ ಹುಕುಂ ಮಾಡಿದ. ಮನೆಯಲ್ಲಿ ಮದುವೆಯಾಗದ ಹುಡುಗಿ ಇದ್ದಾಳೆ, ಆ ಶಬ್ದ ಹೊರಗೆ ಹೋಗಕೂಡದು. ಆ ಹುಡುಗಿ ನಾನು.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ಶಹಾಪುರದಲ್ಲಿ ಹತ್ತಿ ವ್ಯಾಪಾರ, ಎರಡು ಅಂತಸ್ತಿನ ಮನೆ. ಅವನ ಮುಂದೆ ಅಪ್ಪ ಕೂತು ಮಾತಾಡಿದ್ದನ್ನು ನಾನು ನೋಡಿಲ್ಲ.

ಅವ್ವ ಚೇತರಿಸಿಕೊಂಡು ಮತ್ತೆ ಅಂಗಡಿಗೆ ಕೂತಳು. ನಾನು ಯಾದಗಿರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಬಂದಿದ್ದೆ. ದಿನಾ ಮುಂಜಾನೆ ಸುರಪುರದಿಂದ ಬಸ್ಸು, ಶಹಾಪುರದಲ್ಲಿ ಇಳಿದು ಇನ್ನೊಂದು ಬಸ್ಸು, ಭೀಮೆಯ ಸೇತುವೆ ದಾಟಿ ಯಾದಗಿರಿ. ಕಿಟಕಿಯಾಚೆ ಕಾಲುವೆ ನೀರಿನ ಭತ್ತದ ಗದ್ದೆಗಳು, ಅವು ಮುಗಿದದ್ದೇ ಕಪ್ಪು ಮಣ್ಣಿನ ಎರಿ ಹೊಲದ ಹತ್ತಿ. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದಿ ಓದಿ ಆ ದಾರಿಯ ಒಂದೊಂದು ಗುಂಡಿಯೂ ನನಗೆ ಗೊತ್ತಿತ್ತು. ಮೇಷ್ಟ್ರಾಗಬೇಕು ಎನ್ನುವುದು ನನ್ನ ಆಸೆ. ಅವ್ವನದೂ ಅದೇ.

ಆ ಶ್ರಾವಣದ ಒಂದು ಭಾನುವಾರ, ನಾನು ಅಂಗಡಿಯಲ್ಲೇ ಇದ್ದೆ. ಮದುಮಗಳನ್ನು ಕರೆದುಕೊಂಡು ಐದಾರು ಹೆಂಗಸರು ಹಸಿರು ಬಳೆ ಇಡಿಸಲು ಬಂದರು. ಅವ್ವ ಹುಡುಗಿಯ ಕೈ ತಗೊಂಡಳು. ಬಳೆ ಹಿಡಿದ ಆಕೆಯ ಬಲಗೈ ಹುಡುಗಿಯ ಬೆರಳುಗಳನ್ನು ದಾಟಿ ಮುಂದೆ ಹೋಯಿತು. ಹಿಂದಕ್ಕೆ ತಂದಳು, ಈ ಸಲ ಗುರಿ ಮುಟ್ಟುವ ಮೊದಲೇ ನಿಂತಿತು. ಮೂರನೆಯ ಸಲ ಒತ್ತಿದಾಗ ಬಳೆ ಒಡೆದು ಹುಡುಗಿಯ ಹಸ್ತ ಕುಯ್ದು ರಕ್ತ ಬಂತು.

ಹುಡುಗಿಯ ಅತ್ತೆಯೊಬ್ಬಳು ಎದ್ದು ನಿಂತಳು. "ಮದುಮಗಳ ಕೈಯಾಗ ಹಸಿರು ಬಳಿ ಒಡದೀ. ಕುಡದು ಕುಂತಿ ಏನು?" ಎಂದಳು. ಎಲ್ಲರೂ ಇಳಿದು ಎದುರಿನ ಅಂಗಡಿಗೆ ಹೋದರು. ಅವ್ವ ತನ್ನ ಬಲಗೈಯನ್ನೇ ಮಗುಚಿ ಮಗುಚಿ ನೋಡುತ್ತ ಕೂತಳು.

ಅದಾದ ಮೇಲೆ ಒಂದೊಂದೇ ಬಂದವು. ಮುಂಜಾನೆ ಎದ್ದ ಕೂಡಲೇ ತಲೆನೋವು, ಹಿಂದೆಯೇ ವಾಂತಿ. ನಡೆಯುವಾಗ ಗೋಡೆಗೆ ಕೈ. ಕಾಲು ಅಗಲ ಇಟ್ಟು, ದೋಣಿಯಲ್ಲಿ ನಿಂತವರ ಹಾಗೆ. ಮಾತು ನಾಲಗೆಗೆ ತೊಡರುತ್ತಿತ್ತು. ಅಪ್ಪ ಪಿತ್ತ ಎಂದ. ದೊಡ್ಡಪ್ಪ ಒಬ್ಬ ಸ್ವಾಮಿಯ ಹತ್ತಿರ ಹೋಗಿ ದಾರ ಮಂತ್ರಿಸಿ ತಂದ. ಪೇಟೆಯಲ್ಲಿ ಪಾನ್ ಅಂಗಡಿಯ ಮುಂದೆ ನಿಲ್ಲುವ ಮೂರ್ನಾಲ್ಕು ಗಂಡಸರಿಗಂತೂ ಅದು ದಿನದ ಮೋಜು. "ಬಳಿಗಾರ್ತಿ ಇವತ್ತ ಜರಾ ಜಾಸ್ತಿ ಹಾಕ್ಯಾಳ ನೋಡಲೇ" ಎಂದು ಒಬ್ಬ ಅಂದದ್ದು ನನ್ನ ಕಿವಿಗೇ ಬಿತ್ತು. ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಬಳೆ ಇಡಿಸಿಕೊಂಡದ್ದು ಇದೇ ಕೈಯಿಂದ. ನಾನು ತಿರುಗಿ ಹೋಗಿ ಅವನ ಮುಂದೆ ನಿಂತೆ. "ಏನಂದಿ, ಇನ್ನೊಮ್ಮಿ ಅನ್ನು" ಎಂದೆ. ಅವ ಬೇರೆ ಕಡೆ ನೋಡಿದ. ಅವ್ವ ಹಿಂದಿನಿಂದ ನನ್ನ ಸೆರಗು ಜಗ್ಗಿದಳು.

ದಸರೆ ಮುಗಿಯುವವರೆಗೆ ದಾರ, ನಿಂಬೆಹಣ್ಣು, ಪಿತ್ತದ ಪುಡಿ ನಡೆದವು. ಆಮೇಲೆ ನಾನು ಯಾರನ್ನೂ ಕೇಳದೆ, ಈರಣ್ಣನನ್ನು ಎಬ್ಬಿಸಿಕೊಂಡು, ಅವ್ವನನ್ನು ಕಲಬುರಗಿಯ ಬಸ್ಸು ಹತ್ತಿಸಲು ಹೊರಟೆ. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ವಾಂತಿ ಮಾಡಿಕೊಂಡು ಅದರ ಮೇಲೆಯೇ ಬಿದ್ದಳು. ಸುತ್ತಲಿನವರು ಕಾಲು ಎತ್ತಿ ಆಚೆ ಸರಿದರು. ಒಬ್ಬನು ಮೂಗು ಮುಚ್ಚಿಕೊಂಡು, "ಹೆಂಗಸರೂ ಸುರು ಹಚ್ಕೊಂಡ್ರು" ಎಂದ. ಈರಣ್ಣ ಯಾರಿಗೂ ಎದುರು ಮಾತಾಡುವವನಲ್ಲ. ಅವ್ವನನ್ನು ಎತ್ತಿ ತನ್ನ ಟವೆಲಿನಿಂದ ಮುಖ ಒರೆಸಿ, ಹೆಗಲಿಗೆ ಒರಗಿಸಿಕೊಂಡು ನಿಂತ.

ಸ್ಕ್ಯಾನ್ ಆಯಿತು. ಮರುದಿನ ಅಪ್ಪ, ದೊಡ್ಡಪ್ಪ ಬಂದರು. ಡಾಕ್ಟರು ಒಬ್ಬ ಹೆಣ್ಣುಮಗಳು, ಇನ್ನೂ ಸಣ್ಣ ವಯಸ್ಸು, ನಮ್ಮ ಕಡೆಯವಳೇ. ಅವ್ವನನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ ನಮ್ಮನ್ನು ಒಳಗೆ ಕರೆದಳು.

"ಇದು ಹೊಸಾ ರೋಗ ಅಲ್ರಿ. ಕರುಳಿಂದೇ. ಅಲ್ಲಿಯ ಕಣ ರಕ್ತದಾಗ ಹರಕೊಂಡು ಬಂದು ಹಿಂದಿನ ಮೆದುಳಿನಾಗ ಬೆಳದಾವ. ಹಿಂಗಾಗೋದು ಕಡಿಮಿ, ಆದ್ರ ಆಗ್ತದ. ಯಕೃತ್ತಿನಾಗೂ ಸಣ್ಣ ಸಣ್ಣವು ಕಾಣಾಕತ್ತಾವ. ಅದಕ್ಕ ತಲಿ ಆಪರೇಶನ್ ಮಾಡಿ ಉಪಯೋಗಿಲ್ಲ. ಬಾವು ಇಳಿಯಾಕ ಗುಳಿಗಿ ಕೊಡ್ತೀವಿ, ಕರೆಂಟ್ ಕೊಡ್ತೀವಿ. ಕೆಲವು ತಿಂಗಳು ಸಿಗಬಹುದು."

"ತಲಿ ಅಂದ್ರ ಬುದ್ಧಿಗೆ ಏನರ..." ಎಂದು ದೊಡ್ಡಪ್ಪ ಕೇಳಿದ.

"ಬುದ್ಧಿಗೆ ಏನೂ ಆಗಿಲ್ಲ. ನಡಿಗಿ, ಕೈ ಹಿಡಿತ, ನಾಲಿಗಿ ಹೊರಳೋದು, ಇವು ಆ ಜಾಗದ್ದು. ತೊದಲ್ತಾರ, ಆದ್ರ ಅವರಿಗೆ ಎಲ್ಲಾ ತಿಳೀತದ. ಅವರಿಗೂ ಹೇಳೋಣಲ್ಲ?"

"ಬ್ಯಾಡ್ರಿ ಮೇಡಂ. ಆಕಿಗೆ ತಿಳಿಯಂಗಿಲ್ಲ. ಎದಿ ಒಡಕೊಂತಾಳ. ನರದಾಗ ನೀರ ತುಂಬ್ಯಾದ ಅಂತ ಹೇಳ್ತೀವಿ."

ಅಪ್ಪ ನೆಲ ನೋಡುತ್ತಿದ್ದ. ಡಾಕ್ಟರು ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಹೊರಗೆ ಬಂದಾಗ ದೊಡ್ಡಪ್ಪ ನನಗೆ ಬೆರಳು ತೋರಿಸಿ, "ನೀ ಬಾಯಿ ಬಿಟ್ಟೀ ಅಂದ್ರ ನೋಡು" ಎಂದ.

ಕರೆಂಟು, ಅಂದರೆ ರೇಡಿಯೇಶನ್, ಕೊಡುವಷ್ಟು ದಿನ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು ನಾನೂ ಅವ್ವನೂ ಉಳಿದೆವು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂಡಿಸಿ ಆಕೆಯ ತಲೆ ಬಾಚುತ್ತಿದ್ದೆ. ಹಣಿಗೆಯ ತುಂಬ ಕೂದಲು ಕಿತ್ತು ಬಂತು. ಅವ್ವ ನನ್ನ ಮೊಣಕೈ ಹಿಡಿದುಕೊಂಡಳು.

"ಕಸ್ತೂರಿ, ಕರುಳಾಗಿಂದು ತಲಿಗೆ ಹೋಗ್ಯಾದೇನು?"

ನಾನು ಹೌದೆಂದೆ. ಡಾಕ್ಟರು ಹೇಳಿದ್ದನ್ನೆಲ್ಲ, ಯಕೃತ್ತಿನದನ್ನೂ ಸೇರಿಸಿ, ಹೇಳಿದೆ. ಅವ್ವ ಅಳಲಿಲ್ಲ. ಕೆಳಗಿನ ಓಣಿಯಲ್ಲಿ ಗಾಡಿಯವನು ಸೀತಾಫಲ ಮಾರುತ್ತಿದ್ದ, ಅವನನ್ನೇ ನೋಡಿದಳು. ಆಮೇಲೆ ಆಕೆಯ ಮುಖ ಕೆಂಪೇರಿತು.

"ನನ್ನ ತಲ್ಯಾಗಿಂದು ನಿಮ್ಮ ದೊಡ್ಡಪ್ಪಗ ಗೊತ್ತು. ಅವನ ಹೆಂಡ್ತಿಗೆ ಗೊತ್ತು. ಅವನ ಗುಮಾಸ್ತಗೂ ಗೊತ್ತಿರಬೇಕು. ನನಗೊಬ್ಬಾಕಿಗೆ ಗೊತ್ತಿಲ್ಲ. ನಾ ಯಾರ ಮನಿ ದನ?"

ಬಾವು ಇಳಿಸುವ ಗುಳಿಗೆ ಪವಾಡದಂತೆ ಕೆಲಸ ಮಾಡಿತು. ಮುಖ ಊದಿತು, ಹಸಿವು ತಡೆಯದಾಯಿತು, ಆದರೆ ತಲೆನೋವು ನಿಂತಿತು, ಕಾಲು ಸ್ವಲ್ಪ ನೆಲ ಹಿಡಿಯಿತು. ದೀಪಾವಳಿಯ ಹೊತ್ತಿಗೆ ಸುರಪುರಕ್ಕೆ ಬಂದೆವು. ತಲೆಗೆ ಸೆರಗು ಬಿಗಿದು ಅವ್ವ ಅಂಗಡಿಯಲ್ಲಿ ಕೂತು ಈರಣ್ಣನಿಗೆ ಬಳೆ ಇಡುವುದನ್ನು ಕಲಿಸುತ್ತಿದ್ದಳು. ಗಂಡು ಹುಡುಗನ ಕೈಯಿಂದ ಇಡಿಸಿಕೊಳ್ಳಲು ಮೊದಮೊದಲು ಹೆಂಗಸರು ನಕ್ಕರು. ಅವ್ವ, "ನನ್ನ ಕೈ ಹೋಗ್ಯಾವ. ಇವನ ಕೈ ನಂಬ್ರಿ" ಎಂದಳು. ನಂಬಿದರು.

ಅವ್ವ ಸುಧಾರಿಸಿದ್ದನ್ನು ಡಾಕ್ಟರು ಹೇಳಿದ ಹಾಗೆ ಕೆಲವು ತಿಂಗಳ ಸುಧಾರಣೆ ಎಂದು ನಾವು ತಿಳಿದಿದ್ದೆವು. ದೊಡ್ಡಪ್ಪನಿಗೆ ಅದು ಮುಹೂರ್ತದ ಹಾಗೆ ಕಂಡಿತು. ಗುರುಮಠಕಲ್ಲಿನ ಒಂದು ವ್ಯಾಪಾರಸ್ಥರ ಮನೆಯ ಸಂಬಂಧ ತಂದ.

"ಆಕಿ ಕಣ್ಣು ಮುಚ್ಚೋದ್ರೊಳಗ ಮಗಳ ತಲಿ ಮ್ಯಾಲ ನಾಲ್ಕು ಅಕ್ಷತಾ ಬೀಳ್ಲಿ. ಕಣ್ಣಾರೆ ನೋಡಿ ಹೋಗ್ಲಿ" ಎಂದ. ಬಂಧು ಬಳಗವೆಲ್ಲ ಕಣ್ಣು ಒರೆಸಿಕೊಂಡು ಹೌದೆಂದಿತು. ಇದಕ್ಕಿಂತ ಪುಣ್ಯದ ಮಾತು ಉಂಟೇ ಎಂದಿತು.

"ನನ್ನ ಪರೀಕ್ಷಾ ಅದ. ಬಿ.ಎಡ್ ಮಾಡಬೇಕು. ನಾ ಒಲ್ಲೆ" ಎಂದೆ.

"ತಾಯಿ ಸಾಯಾಕತ್ತಾಳ, ಈಕಿಗೆ ಪರೀಕ್ಷಾ" ಎಂದ ದೊಡ್ಡಪ್ಪ.

ಅವ್ವ ಒಳಗಿನಿಂದ ಗೋಡೆ ಹಿಡಿದು ಬಂದು, ಒಂದೊಂದೇ ಅಕ್ಷರ ಕೂಡಿಸಿ ಹೇಳಿದಳು. "ನಾ ಕೇಳಿಲ್ಲ. ನಂಗ ಮದುವಿ ನೋಡೋದು ಬೇಕಾಗಿಲ್ಲ. ಆಕಿ ಓದ್ಲಿ."

ದೊಡ್ಡಪ್ಪ ಆಕೆಯ ಕಡೆ ತಿರುಗಲೂ ಇಲ್ಲ. ಅಪ್ಪನಿಗೆ ಹೇಳಿದ. "ರೋಗ ತಲಿಗೇರ್ಯಾದ. ಏನ್ ಮಾತಾಡ್ತಾಳೋ ಆಕಿಗೇ ಗೊತ್ತಿಲ್ಲ. ಆಕಿ ಮಾತು ಹಿಡೀಬ್ಯಾಡ."

ಅಂದಿನಿಂದ ಅದೇ ನಡೆಯಿತು. ಅವ್ವ ಏನು ಹೇಳಿದರೂ, ಪಾಪ, ತಲಿಗೇರ್ಯಾದ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ ತಲಿಗೇರ್ಯಾದ. ದೊಡ್ಡಮ್ಮ ಆಕೆಯ ಮುಂದೆಯೇ ಕೂತು, ಆಕೆ ಕಿವುಡಿಯೆಂಬ ಹಾಗೆ, ಸತ್ತರೆ ಮಣ್ಣು ಎಲ್ಲಿ ಮಾಡುವುದೆಂದು ಮಾತಾಡಿದಳು. ಆರು ತಿಂಗಳ ಹಿಂದೆ ಹಬ್ಬದ ಸೀರೆಯ ಬಣ್ಣವನ್ನು ಇದೇ ಅವ್ವನನ್ನು ಕೇಳಿ ಆರಿಸುತ್ತಿದ್ದವಳು. ನಾನು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಬುದ್ಧಿ ಸರಿ ಇದೆ ಎಂದರು, ನೀವೂ ಕೇಳಿದ್ದೀರಿ ಎಂದೆ. ದೊಡ್ಡಪ್ಪ ನಕ್ಕ. ಆ ನಗೆಯನ್ನು ನೆನೆದರೆ ಈಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತವೆ. ನಾಲಗೆ ತೊದಲಿದರೆ ಸಾಕು, ಮನುಷ್ಯಳನ್ನು ಮನೆಯೊಳಗೇ ಹೀಗೆ ಅಳಿಸಿಹಾಕಬಹುದು ಎಂದು ನನಗೆ ಗೊತ್ತಿರಲಿಲ್ಲ.

ಅಪ್ಪನನ್ನು ಹಿತ್ತಲಲ್ಲಿ ಹಿಡಿದು ಕೇಳಿದೆ. "ಅವ್ವ ಒಲ್ಲೆ ಅಂದಾಳ. ನಾ ಒಲ್ಲೆ ಅಂದೀನಿ. ನೀ ಏನಂತಿ?"

"ಅಣ್ಣನ ಮಾತು ಹ್ಯಾಂಗ ಮೀರ್ಲಿ" ಎಂದ. ಅಷ್ಟೇ.

ನಿಶ್ಚಯ ಶಹಾಪುರದ ದೊಡ್ಡಪ್ಪನ ಮನೆಯಲ್ಲಿ. ತೊಗರಿ ರಾಶಿಯ ಕಾಲ. ರಸ್ತೆಯ ತುಂಬ ಹೊಟ್ಟಿನ ಧೂಳು, ಸೀನಿ ಸೀನಿ ಬಂದವರೆಲ್ಲರ ಕಣ್ಣು ಕೆಂಪು. ಬೀಗರಿಗೆ ಅವ್ವನದು ಬಿ.ಪಿ. ಎಂದು ಹೇಳಿದ್ದರು. ಆಕೆಯನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ ಕದ ಮುಂದೆ ಮಾಡಿದ್ದರು. ನನಗೆ ಯಾರದೋ ರೇಷ್ಮೆ ಸೀರೆ ಉಡಿಸಿ ಪಡಸಾಲೆಯಲ್ಲಿ ಕೂಡಿಸಿದರು. ನಾನು ಏಳುತ್ತೇನೆ, ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಕೂಡಿಸುತ್ತಿದ್ದೆ.

ನಾನು ಏಳುವ ಮೊದಲೇ ಒಳಗಿನ ಕದ ತೆರೆಯಿತು. ಅವ್ವ ಚೌಕಟ್ಟು ಹಿಡಿದು ನಿಂತಿದ್ದಳು. ಸೆರಗು ಜಾರಿ ಬೋಳು ತಲೆ ಕಾಣುತ್ತಿತ್ತು. ಪಡಸಾಲೆಯ ಮಾತು ನಿಂತಿತು.

"ಈರಣ್ಣ, ಒಳಗ ಕರ್ಕೊಂಡು ಹೋಗು" ಎಂದ ದೊಡ್ಡಪ್ಪ.

ಈರಣ್ಣ ಎದ್ದು ಹೋದ. ಅವ್ವನ ತೋಳಿಗೆ ಕೈ ಕೊಟ್ಟ. ಒಳಗೆ ಕರೆದೊಯ್ಯಲಿಲ್ಲ. ಜಮಖಾನೆಯ ಮೇಲಿನಿಂದ ನಡೆಸಿಕೊಂಡು ಬಂದು ವರನ ತಾಯಿಯ ಎದುರಿಗೆ ಕೂಡಿಸಿದ.

ಆಕೆ ದಪ್ಪ ಹೆಂಗಸು, ತೆಲುಗು ಕಲೆತ ಕನ್ನಡದವಳು. ಗಾಬರಿಯಾಗಿ ಸರಿದು ಜಾಗ ಮಾಡಿಕೊಟ್ಟಳು.

"ಅಕ್ಕಾರ" ಎಂದಳು ಅವ್ವ. ಒಂದೊಂದು ಶಬ್ದಕ್ಕೂ ನಿಂತಳು, ತುಟಿಯ ಕೊನೆಯಿಂದ ಜೊಲ್ಲು ಇಳಿಯುತ್ತಿತ್ತು, ಆದರೂ ಬಿಡಲಿಲ್ಲ. "ನಂದು ಬಿ.ಪಿ. ಅಲ್ರಿ. ಕ್ಯಾನ್ಸರ್. ಕರುಳಾಗ ಸುರು ಆತು. ಈಗ ತಲಿಗೆ ಬಂದದ. ನಾ ಭಾಳ ದಿನ ಇರಂಗಿಲ್ಲ. ಇವ್ರು ನಿಮಗ ಹೇಳಿಲ್ಲ. ನನ್ನ ಮಗಳು ಈ ಮದುವಿ ಒಲ್ಲೆ ಅಂದಾಳ. ನಾನೂ ಒಲ್ಲೆ. ನನ್ನ ಹೆಸರಿಲೆ ಇದು ಆಗಬಾರದು."

ದೊಡ್ಡಪ್ಪ ಎದ್ದು ಕೈ ಮುಗಿದ. "ಮನಸಿಗೆ ಹಚ್ಕೋಬ್ಯಾಡ್ರಿ ಅಕ್ಕಾರ. ಆಕಿ ತಲಿ ಸರಿ ಇಲ್ಲ."

ಆ ಹೆಂಗಸು ಅವನನ್ನು ನೋಡಿದಳು. "ಈಕಿ ಹೇಳಿದ ರೋಗ ಸುಳ್ಳೇನ್ರಿ?"

ದೊಡ್ಡಪ್ಪ ಅಪ್ಪನ ಕಡೆ ನೋಡಿದ.

"ಸುಳ್ಳೋ ಖರೇನೋ, ಅಷ್ಟೇ ಹೇಳ್ರಿ."

"ರೋಗದ ಮಾತು ಖರೇ ಅದ..."

"ಖರೇ ಮಾತಾಡಾಕತ್ತಾಳ ಅಂದ್ರ ತಲಿ ಸರಿ ಇದ್ದಂಗೇ ಆತಲ್ಲ."

ಆಕೆ ತನ್ನ ಸೆರಗಿನ ಚುಂಗಿನಿಂದ ಅವ್ವನ ತುಟಿ ಒರೆಸಿದಳು. "ಅಮ್ಮಾ, ನೀವು ಹೇಳಿದ್ದು ಮಂಚಿದೇ ಆಯ್ತು, ಛಲೋ ಆಯ್ತು. ನಾ ಸುಳ್ಳು ಹೇಳಂಗಿಲ್ಲ, ಈ ಜಡ್ಡಿನ ಮನಿತನ ಅಂದ್ರ ನನಗೂ ಅಂಜಿಕಿ ಅದ. ಅದು ಇರದಿದ್ರೂ, ಒಲ್ಲದ ಹುಡುಗಿನ್ನ ನಾ ಒಯ್ಯಂಗಿಲ್ಲ" ಎಂದು ಎದ್ದಳು. ಅವರು ಊಟ ಮಾಡದೆ ಹೋದರು. ಒಲೆಯ ಮೇಲಿನ ಪಾತ್ರೆಗಳು ಹಾಗೇ ಇದ್ದವು. ಅಂಜಿಕೆಯನ್ನು ಮುಚ್ಚಿಡದ ಆ ಹೆಂಗಸನ್ನು ನಾನು ಈಗಲೂ ಗೌರವದಿಂದ ನೆನೆಯುತ್ತೇನೆ. ಆ ದಿನ ಅವ್ವನ ಮಾತನ್ನು ಮಾತು ಎಂದು ಕೇಳಿದ ಹೊರಗಿನವಳು ಆಕೆ ಒಬ್ಬಳೇ.

ದೊಡ್ಡಪ್ಪ ನಮ್ಮನ್ನು ಮನೆಯಿಂದ ಇಳಿಸಿದ. "ಇನ್ನ ಈಕಿನ್ನ ಯಾರು ಮಾಡ್ಕೋತಾರ ನೋಡ್ತೀನಿ" ಎಂದ. ಆಮೇಲೆ ಹತ್ತಿ ಮಾರಲು ಬಂದವರಿಗೆ, ಮದುವೆ ಮುಂಜಿಯಲ್ಲಿ ಸಿಕ್ಕವರಿಗೆ, ತಮ್ಮನ ಹೆಂಡತಿಗೆ ತಲೆ ಕೆಟ್ಟಿದೆ ಎಂದು ಹೇಳಿಕೊಂಡು ತಿರುಗಿದ. ತಾನು ಸುಳ್ಳು ಹೇಳಿ ಸಿಕ್ಕುಬಿದ್ದದ್ದನ್ನು ಮುಚ್ಚಲು ಅವನಿಗೆ ಅದೊಂದೇ ದಾರಿ ಇತ್ತು.

ಸುರಪುರಕ್ಕೆ ಬರುವ ಬಸ್ಸಿನಲ್ಲಿ ಅವ್ವ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಅಪ್ಪ ಮುಂದಿನ ಸೀಟಿನಲ್ಲಿ ಬೆನ್ನು ತೋರಿಸಿ ಕೂತಿದ್ದ.

ಬೇಸಿಗೆ ಬರುವ ಹೊತ್ತಿಗೆ ಗುಳಿಗೆಯ ಬಲ ಮುಗಿಯಿತು. ಅವ್ವ ಹಾಸಿಗೆ ಹಿಡಿದಳು. ಸುರಪುರದ ಗುಡ್ಡದ ಕಲ್ಲುಗಳು ಹಗಲೆಲ್ಲ ಕಾದು ಮನೆಯೊಳಗೇ ಉಸಿರು ಬಿಡುವ ಹಾಗಿತ್ತು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದೆವು. ಬಂಧುಗಳು ಯಾರೂ ಬರಲಿಲ್ಲ. ಬಂದವರು ಗಿರಾಕಿಗಳು, ಓಣಿಯ ಹೆಂಗಸರು. ಮಜ್ಜಿಗೆ ತಂದರು, ಹಾಸಿಗೆ ಬಟ್ಟೆ ಒಗೆದುಕೊಟ್ಟರು. ಅಪ್ಪ ದಿನಾ ಮುಂಜಾನೆ ಆಕೆಯ ಮೈ ಒರೆಸುತ್ತಿದ್ದ. ಒಂದು ದಿನ ಕಾಲು ಒರೆಸುತ್ತ, ನಾನು ಅಲ್ಲೇ ಇದ್ದೇನೆಂಬುದನ್ನು ಮರೆತು, "ನಾ ಬಾಯಿ ಬಿಡಬೇಕಿತ್ತು" ಎಂದ.

"ಹೂಂ" ಎಂದಳು ಅವ್ವ. "ಬಿಡಬೇಕಿತ್ತು." ಸಮಾಧಾನದ ಇನ್ನೊಂದು ಮಾತು ಆಡಲಿಲ್ಲ. ಆದರೆ ಕಾಲನ್ನೂ ಎಳೆದುಕೊಳ್ಳಲಿಲ್ಲ.

ನನ್ನ ಪರೀಕ್ಷೆ ಶುರುವಾಯಿತು. ಮೊದಲ ಪತ್ರಿಕೆಯ ದಿನ ಹೋಗಲೋ ಬೇಡವೋ ಎಂದು ಹಾಸಿಗೆಯ ಹತ್ತಿರ ನಿಂತೆ. ಅವ್ವ ಕೈ ಎತ್ತಿ ಬಾಗಿಲ ಕಡೆ ತೋರಿಸಹೋದಳು, ಕೈ ಗೋಡೆಯ ಕಡೆ ಹೋಯಿತು. ಕಣ್ಣಿನಿಂದ ತೋರಿಸಿದಳು. ಹೋದೆ. ಎರಡು ಪತ್ರಿಕೆ ಬರೆದೆ. ಮೂರನೆಯದಕ್ಕೆ ಓದುತ್ತ ಕೂತಿದ್ದ ಮಧ್ಯಾಹ್ನ, ಈರಣ್ಣ ನೀರು ಕುಡಿಸುತ್ತಿದ್ದಾಗ, ಆಕೆಯ ಉಸಿರು ನಿಂತಿತು.

ಮಣ್ಣಿಗೆ ದೊಡ್ಡಪ್ಪ ಬಂದ. ವಿಭೂತಿ ಹಚ್ಚಿ ಕೂಡಿಸಿದ ಅವ್ವನ ಮುಂದೆ ನಿಂತು, "ಕಡೀಕ ಬುದ್ಧಿ ಇರಲಿಲ್ಲ ಪಾಪ" ಎಂದು ಯಾರಿಗೋ ಹೇಳಿದ. "ಇತ್ತು. ನಿಮಗ ಬೇಕಾದ ಬುದ್ಧಿ ಇರಲಿಲ್ಲ" ಎಂದೆ. ಹೆಂಗಸರು ನನ್ನನ್ನು ಹಿಂದಕ್ಕೆ ಎಳೆದರು. ಮರುದಿನ ಬಸ್ಸು ಹತ್ತಿ ಯಾದಗಿರಿಗೆ ಹೋಗಿ ಪತ್ರಿಕೆ ಬರೆದೆ. ತಾಯಿಯ ಮಣ್ಣು ಆರಿಲ್ಲ, ಪರೀಕ್ಷೆಗೆ ಹೋದಳು ಎಂದು ಊರು ಅಂದಿತು. ಆ ಪತ್ರಿಕೆಯಲ್ಲಿ ಫೇಲಾದೆ. ಮಳೆಗಾಲದಲ್ಲಿ ಮತ್ತೆ ಬರೆದು ಪಾಸಾದೆ. ಈಗ ಯಾದಗಿರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನನ್ನು ಮೆಚ್ಚಿ ಮದುವೆಯಾದವನೂ ಮೇಷ್ಟ್ರೇ. ಅವ್ವನ ರೋಗದ ಹೆಸರನ್ನು ಮೊದಲ ದಿನವೇ ಅವನಿಗೆ ಹೇಳಿದ್ದೆ.

ಕಲಬುರಗಿಯ ಆ ಡಾಕ್ಟರು ಅವತ್ತೇ ನನ್ನನ್ನು ಬಾಜೂ ಕರೆದು ಹೇಳಿದ್ದಳು. ತಾಯಿಗೆ ಸಣ್ಣ ವಯಸ್ಸಿನಲ್ಲಿ ಬಂದಿದೆ. ಮಕ್ಕಳು ಆ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಕರುಳೊಳಗೆ ಕ್ಯಾಮೆರಾ ಹಾಕಿಸಿ ನೋಡಿಸಿಕೊಳ್ಳಬೇಕು. ನನಗೆ ಆ ವಯಸ್ಸು ಬಂದಿತ್ತು, ಈರಣ್ಣನಿಗೆ ದಾಟಿತ್ತು. ಹೋದ ಶ್ರಾವಣದಲ್ಲಿ ಸುರಪುರದಿಂದ ಬಂದವಳೇ ದಿನ ಗೊತ್ತುಮಾಡಿಕೊಂಡು, ದಸರೆಯ ರಜೆಯಲ್ಲಿ ಕಲಬುರಗಿಗೆ ಹೋದೆ. ಎಚ್ಚರಾದ ಮೇಲೆ ಅಲ್ಲಿಯ ಡಾಕ್ಟರು ಚಿತ್ರ ತೋರಿಸಿದ. ಕರುಳಿನ ಗೋಡೆಯಲ್ಲಿ ತೊಗರಿ ಕಾಳಿನಷ್ಟು ಒಂದು ಗಂಟು.

"ತಗದೀವಿ. ಇನ್ನ ಇದು ಏನೂ ಮಾಡಂಗಿಲ್ಲ."

"ಕ್ಯಾನ್ಸರಿಗೆ ಮೊದ್ಲು ಎಲ್ಲರಿಗೂ ಇಷ್ಟೇ ಇರ್ತದೇನ್ರಿ?"

"ಬಹಳ ಮಂದಿಗೆ ಹಿಂಗೇ ಸುರು ಆಗ್ತದ. ವರ್ಷಗಟ್ಟಲೆ ಸುಮ್ನೆ ಕುಂತಿರ್ತದ."

ಹೊರಗೆ ಬೇವಿನ ಮರದ ಕೆಳಗಿನ ಬೆಂಚಿಗೆ ಬಂದು ಕೂತೆ. ಬದುಕಿಕೊಂಡೆ ಎಂಬ ಸಂತೋಷ ಬರಬೇಕಿತ್ತು. ಬಂದದ್ದು ಸಿಟ್ಟು. ಈರಣ್ಣನಿಗೆ ಫೋನು ಹಚ್ಚಿದೆ. ನೀನೂ ಬಾ ಎಂದೆ.

"ದೀಪಾವಳಿ ಮುಗೀಲಿ. ಗಿರಾಕಿ ಭಾಳ ಅದಾರ. ನನಗೇನಾಗ್ಯಾದ ಈಗ?"

"ರಕ್ತ ಬೀಳ್ತದೇನು?"

ಫೋನಿನಲ್ಲಿ ಬಳೆಗಳ ಸದ್ದು, ಹೆಂಗಸರ ಮಾತು ಕೇಳುತ್ತಿತ್ತು.

"ಈರಣ್ಣ, ನಾ ಕೇಳಾಕತ್ತೀನಿ."

"ಒಮ್ಮೊಮ್ಮಿ" ಎಂದ ಮೆಲ್ಲಗೆ.

ಮರುದಿನ ಮುಂಜಾನೆ ಸುರಪುರಕ್ಕೆ ಹೋದೆ. ಗಿರಾಕಿಗಳ ಮುಂದೆಯೇ ಶಟರು ಎಳೆದೆ. "ನಾಳೆ ಬರ್ರಿ, ಅಣ್ಣಗ ದವಾಖಾನಿಗೆ ಒಯ್ಯಾಕತ್ತೀನಿ" ಎಂದೆ. ಈರಣ್ಣ ನಾಚಿ ತಲೆ ತಗ್ಗಿಸಿ ಹಿಂದೆ ಬಂದ. ಅವನದು ನನ್ನದಕ್ಕಿಂತ ದೊಡ್ಡದಿತ್ತು, ಅದರಿಂದಲೇ ರಕ್ತ. ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಫಲಿತಾಂಶ ಕೇಳಲು ಇಬ್ಬರೂ ಹೋದೆವು. ಇನ್ನೂ ಕ್ಯಾನ್ಸರಾಗಿರಲಿಲ್ಲ. ಇನ್ನು ಕೆಲವು ವರ್ಷ ಬಿಟ್ಟಿದ್ದರೆ ಆಗುತ್ತಿತ್ತು ಎಂದರು. ಮತ್ತೆ ಯಾವಾಗ ತೋರಿಸಬೇಕೆಂದು ಹೇಳಿ ಕಳಿಸಿದರು.

ವಾಪಸು ಬರುವ ಬಸ್ಸಿನಲ್ಲಿ ಈರಣ್ಣ ಕಿಟಕಿಯ ಹತ್ತಿರ ಕೂತಿದ್ದ. ಜೇವರ್ಗಿ ದಾಟಿತು. ಹೊರಗೆ ಹತ್ತಿ ಒಡೆದು ಹೊಲ ಬೆಳ್ಳಗಾಗಿತ್ತು.

"ಕಸ್ತೂರಿ" ಎಂದ. "ಒಂದು ತಾಸಿನ ಕೆಲಸ ಇತ್ತಲ್ಲ. ಅವ್ವಗ ಒಂದು ತಾಸು ಯಾರೂ ಕೊಡ್ಲಿಲ್ಲ."

ಜನ್ಮದಲ್ಲಿ ಯಾರ ಮೇಲೂ ದನಿ ಎತ್ತದ ನನ್ನ ಅಣ್ಣ ಮುಷ್ಟಿ ಬಿಗಿದು ಮುಂದಿನ ಸೀಟಿನ ಕಬ್ಬಿಣದ ಪಟ್ಟಿಗೆ ಹೊಡೆದ. ಮತ್ತೆ ಹೊಡೆದ. ಮುಂದೆ ಕೂತಿದ್ದವರು ತಿರುಗಿ ನೋಡಿದರು, ಕಂಡಕ್ಟರು ಏನಾಯಿತೆಂದು ಎದ್ದು ಬಂದ. ನಾನು ಅವನ ಕೈ ಹಿಡಿಯಲಿಲ್ಲ. ಹೊಡೆಯಲಿ ಎಂದು ಸುಮ್ಮನೆ ಕೂತೆ.